ಹಿಂದೇನೇ ಬಂದ್ಲು

ಗೋಡೆಯ ನಕ್ಷೆಯಲ್ಲಿ ಭಾವನ ಹೆಸರಿನ ಗುಂಡುಸೂಜಿಯನ್ನು ಮುಂದಿನ ತಂಗುಮನೆಗೆ ಚುಚ್ಚುವಾಗಲೆಲ್ಲ ಅವಳು ಬೇಕಿದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಒತ್ತುತ್ತಿದ್ದಳು. ಬೆಟ್ಟಸಾಲನ್ನು ಆ ತುದಿಯಿಂದ ಈ ತುದಿಗೆ ನಡೆದು ದಾಟುವವರು ಎಲ್ಲಿಯವರೆಗೆ ಬಂದರೆಂದು ವೈರ್‌ಲೆಸ್ಸಿನಲ್ಲಿ ಕೇಳಿ ಗುರುತು ಹಾಕುವುದು ಅವಳ ಕೆಲಸ. ಅಕ್ಕನ ಗಂಡನೊಬ್ಬನನ್ನು ಬಿಟ್ಟರೆ ಅವಳಿಗೆ ಯಾರ ಮೇಲೂ ಹಗೆಯಿರಲಿಲ್ಲ.

ಹಿಂದೊಮ್ಮೆ ಗಂಡ ಹೆಂಡತಿ ಜೊತೆಯಾಗಿಯೇ ಹೊರಟಿದ್ದರು. ಒಂದು ಏರಿನಲ್ಲಿ ಅಕ್ಕನ ಕಾಲು ಉಳುಕಿತು. ಮಹಾರಾಯ ಕಾಯಲಿಲ್ಲ; ಇಬ್ಬರಿಗೂ ಇದ್ದ ಒಂದೇ ವೈರ್‌ಲೆಸ್ಸನ್ನೂ ಹೊತ್ತು ಮುಂದೆ ನಡೆದ. ತಂಗುಮನೆ ಸೇರಿ ಬೂಟು ಬಿಚ್ಚುತ್ತ, "ಬಂದ್ಲು ಬಂದ್ಲು, ಹಿಂದೇನೇ ಬಂದ್ಲು" ಅಂದ. ನಮ್ಮ ಜನಕ್ಕೆ ಇದೊಂದು ಚಟ. ಮನೆಯಲ್ಲಿ ಇನ್ನೂ ಬಾಚಣಿಗೆ ಹುಡುಕುತ್ತಿರುವವರೂ ಫೋನಿನಲ್ಲಿ "ಬಂದೆ" ಅನ್ನುತ್ತಾರೆ. ತಂಗುಮನೆಯವನು ಅದನ್ನು ನಂಬಿ ಇಬ್ಬರೂ ಬಂದರೆಂದು ತಿಳಿಸಿದ. ಇವಳೇ, ಇದೇ ಕೈಯಿಂದ, ಅಕ್ಕನ ಸೂಜಿಯನ್ನು ಮುಂದಕ್ಕೆ ಚುಚ್ಚಿದಳು. ಹುಡುಕಲು ಯಾರೂ ಹೋಗಲಿಲ್ಲ. ಮರುದಿನ ಅಕ್ಕ ಹಿಮದಲ್ಲಿ ಸಿಕ್ಕಳು; ಮರಗಟ್ಟಿದ್ದ ಅವಳ ಕಾಲ್ಬೆರಳುಗಳನ್ನು ಉಳಿಸಲು ಡಾಕ್ಟರಿಗೆ ಆಗಲಿಲ್ಲ. ಭಾವ ಮಾತ್ರ ಕಂಡಕಂಡವರ ಮುಂದೆ, "ಅವಳಿಂದ ನನ್ನ ನಡಿಗೆ ಅರ್ಧಕ್ಕೇ ನಿಂತೋಯ್ತು" ಅನ್ನುತ್ತಿದ್ದ.

ಈಗ ಅವನು ಒಬ್ಬನೇ ಹೊರಟು ಕೊನೆಯ ಇಳಿಜಾರಿಗೆ ಬಂದಿದ್ದ. ಮಧ್ಯಾಹ್ನ ವೈರ್‌ಲೆಸ್ ಕರಕರ ಎಂದಿತು.

"ಪುಟ್ಟಿ, ಮಂಡಿ ತಿರುಚ್ಕೊಂಡಿದೆ ಕಣೇ. ಅರ್ಧ ದಾರೀಲಿ ಬಿದ್ದಿದ್ದೀನಿ. ಯಾರನ್ನಾದ್ರೂ ಕಳಿಸೇ, ಚಳಿ ತಡೆಯೋಕಾಗ್ತಿಲ್ಲ."

"ಬಂದ್ರು ಭಾವ, ಬಂದೇಬಿಟ್ರು."

ಸ್ಟ್ರೆಚರ್ ಹೊರುವವರು ಪಕ್ಕದ ಕೋಣೆಯಲ್ಲಿ ಇಸ್ಪೀಟಾಡುತ್ತಿದ್ದರು. ಅವಳು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕುಳಿತಳು. ಆಹಾ, ಎಂಥ ಸುಖ! ಇಷ್ಟು ದಿನ ಕಾದದ್ದು ಸಾರ್ಥಕವಾಯಿತು ಅನ್ನಿಸಿತು.

ಅವನು ಮತ್ತೆ ಮತ್ತೆ ಕೇಳಿದ. ಇವಳು ಅದನ್ನೇ ಅಂದಳು.

"ಯಾರೂ ಕಾಣ್ತಿಲ್ವಲ್ಲೇ!" ಕೊನೆಗೆ ಅವನ ದನಿ ಅಳುವಂತಿತ್ತು.

ಅಷ್ಟರಲ್ಲಿ ಅಕ್ಕನ ಫೋನು ಬಂತು. "ಎಲ್ಲೀವರೆಗೆ ಬಂದ್ರೇ ಅವ್ರು?"

ಇವಳು ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದಳು. ಅಕ್ಕ ಬಯ್ಯಲಿಲ್ಲ, ನಗಲೂ ಇಲ್ಲ.

"ಅಲ್ಲಿ ಎಂಥ ಚಳಿ ಅಂತ ನಿಂಗೊತ್ತಿಲ್ಲ ಕಣೇ. ನಂಗೊತ್ತು. ಕಳಿಸು."

ಅಕ್ಕನ ಮಾತನ್ನು ಅವಳು ಎಂದೂ ಮೀರಿದವಳಲ್ಲ. ಹಲ್ಲು ಕಚ್ಚಿಕೊಂಡು ಬಾಗಿಲು ತೆರೆದು, ಸ್ಟ್ರೆಚರಿನವರಿಗೆ ಭಾವ ಬಿದ್ದಿರುವ ಜಾಗ ಹೇಳಿದಳು. ಪಾಪ, ಅವರು ಎಲೆ ಬಿಸಾಕಿ ಸ್ಟ್ರೆಚರ್ ಎತ್ತಿಕೊಂಡು ಓಡಲು ಸಿದ್ಧರಾದರು.

"ಅಯ್ಯೋ, ಓಡ್ಬೇಡ್ರಪ್ಪ, ದಾರಿ ಜಾರುತ್ತೆ," ಅಂದಳು ಅವಳು, ಕೆಟಲನ್ನು ಒಲೆಯ ಮೇಲಿಡುತ್ತ. "ಕೂತು ಬಿಸಿಯಾಗಿ ಟೀ ಕುಡ್ಕೊಂಡು, ನಿಧಾನಕ್ಕೆ ಹೋಗಿ."