ಕಾರಿನ ಅಡಿಯ ಎಣ್ಣೆ

ಊರಿಗೊಂದು ಕಾರು ಇದ್ದರೆ ಹೆಚ್ಚು ಎನ್ನುವ ಕಾಲ. ಪುಂಜಾಲಕಟ್ಟೆಯ ರಮಾನಾಥ ಶೆಟ್ಟರು ಹಳೆಯದೊಂದನ್ನು ಕೊಂಡವರೇ, ಇಂಜಿನ್ನಿಗೆ ಬೇರೆಯವರು ಕೈ ಹಚ್ಚಬಾರದು ಎಂದು ಹಟ ಹಿಡಿದರು. ಪುಸ್ತಕ ನೋಡಿ ಕಲಿತ ವಿದ್ಯೆ. ಧೈರ್ಯಕ್ಕೆ ಮಾತ್ರ ಕೊರತೆಯಿರಲಿಲ್ಲ. ಹಿಂದಿನ ಸಂಜೆ ತಾವೇ ಕಾರಿನಡಿಗೆ ನುಗ್ಗಿ ಹಳೆಯ ಆಯಿಲ್ ಇಳಿಸಿ ಹೊಸದು ತುಂಬಿದ್ದರು. ಬೆಳಗಾದರೆ ಹೆಂಡತಿ ಶಶಿಪ್ರಭಾಳನ್ನು ಮಿಜಾರಿನ ತವರಿಗೆ ಕರೆದೊಯ್ಯಬೇಕಿತ್ತು. ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಮಗಳನ್ನು ಒಮ್ಮೆ ನೋಡಬೇಕೆಂದು ಹೇಳಿ ಕಳುಹಿಸಿದ್ದರು.

ಬೆಳಿಗ್ಗೆ ಬಂದು ನೋಡಿದರೆ ಕಾರಿನ ಮೂತಿಯ ಕೆಳಗೆ, ಸಗಣಿ ಸಾರಿಸಿದ ಅಂಗಳದಲ್ಲಿ, ಅಂಗೈಯಗಲ ಎಣ್ಣೆ. ಶೆಟ್ಟರು ತಟ್ಟನೆ ಕಾರಿನಡಿಗೆ ಬಗ್ಗಿದರು. ಆಯಿಲ್ ಇಳಿಸುವ ತಿರುಪು ಬಿಗಿಯಲಿಲ್ಲವೇ? ಬಿಗಿಯಾಗಿಯೇ ಇತ್ತು. ಅಳತೆಕಡ್ಡಿ ಎಳೆದರೆ ಆಯಿಲ್ ತುಂಬಿದಷ್ಟೂ ಇತ್ತು. ನೆಲಕ್ಕೆ ಸೋರಿದೆ, ಒಳಗೆ ಕಡಿಮೆಯಾಗಿಲ್ಲ! ಇದೆಂಥ ಲೆಕ್ಕವೆಂದು ತಲೆ ಕೆರೆದುಕೊಂಡರು, ತಲೆಗೂ ಮಸಿ ಹತ್ತಿತು. ಎಣ್ಣೆಯನ್ನು ಮೂಸಿ ನೋಡುವ ಬುದ್ಧಿ ಬರಲಿಲ್ಲ. ಬಂದಿದ್ದರೂ ಮೂಗಿನ ತುಂಬ ಹಿಂದಿನ ಸಂಜೆ ಕೈಯ ಮಸಿ ತೊಳೆದ ಸೀಮೆಎಣ್ಣೆಯ ವಾಸನೆ.

ದಾರಿಯಲ್ಲಿ ಆಯಿಲ್ ಬರಿದಾಗಿ ಇಂಜಿನ್ ಕೈಕೊಟ್ಟರೆ? ಸಣ್ಣ ಕೆಲಸ ಉಂಟು, ಮುಗಿಸಿ ಹೊರಡುವ ಎಂದು ಹೆಂಡತಿಗೆ ಹೇಳಿದರು. ಎಂಥ ಕೆಲಸವೆಂದು ಅವಳು ಕೇಳಿದ್ದಕ್ಕೆ, ಹೇಳಿದರೆ ನಿನಗೆ ಅರ್ಥವಾಗುವುದಿಲ್ಲ ಎಂದರು. ಅರ್ಥವಾಗದೆ ಒದ್ದಾಡುತ್ತಿದ್ದವರು ಮಾತ್ರ ಅವರೇ. ಮಿಜಾರಿನ ಕಡೆಗೆ ದಿನಕ್ಕೊಂದೇ ಇದ್ದ ಮೂಡುಬಿದಿರೆಯ ಬಸ್ಸು ಹಾರ್ನ್ ಹೊಡೆದು ಹೋದದ್ದು ಕಾರಿನಡಿಯಲ್ಲಿ ಮಲಗಿದ್ದವರಿಗೆ ಕೇಳಿಸಿತು. ಹೋಗಲಿ, ಕಾರು ಇದೆಯಲ್ಲ ಎಂದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ ಕೆಳಗಿಳಿಯಿತು. ಎಲ್ಲೂ ಒಂದು ಬಿರುಕಿಲ್ಲ. ಆದರೆ ಎಳೆಯುವ ಭರದಲ್ಲಿ ಆಯಿಲ್ ಸೋರದಂತೆ ನಡುವೆ ಕೂರಿಸಿದ್ದ ಬೆಂಡಿನ ಪಟ್ಟಿ ಹರಿದು ಚೂರಾಗಿತ್ತು. ಹೊಸದು ಬರುವವರೆಗೆ ಕಾರು ಕದಲುವಂತಿರಲಿಲ್ಲ.

ಶಶಿಪ್ರಭಾ ಸೀರೆಯುಟ್ಟು, ಟ್ರಂಕು ಹಿಡಿದು ಬಂದು ನಿಂತಳು. ಇನ್ನು ಮುಚ್ಚಿಡುವಂತಿರಲಿಲ್ಲ.

"ಇಲ್ಲಿ ನೋಡು, ಆಯಿಲ್ ಸೋರಿದೆ. ಎಲ್ಲಿಂದ ಅಂತಲೇ ಗೊತ್ತಾಗುದಿಲ್ಲ."

ಅವಳು ನೆಲ ನೋಡಿದಳು. ಮುಖ ಬಿಳಿಚಿತು.

"ಅದು ತೆಂಗಿನೆಣ್ಣೆ. ಇವತ್ತು ಕೆಡ್ಡಸದ ಕಡೇ ದಿನ ಅಲ್ವಾ? ನಾನೇ ಬಿಟ್ಟದ್ದು."

ಕೆಡ್ಡಸದ ಮೂರು ದಿನ ಭೂಮಿತಾಯಿ ಮುಟ್ಟಾಗಿರುತ್ತಾಳೆ, ಯಾರೂ ನೆಲ ಅಗೆಯುವುದಿಲ್ಲ. ಕೊನೆಯ ಬೆಳಿಗ್ಗೆ ಅವಳ ಸ್ನಾನಕ್ಕೆಂದು ಹೆಂಗಸರು ನೆಲಕ್ಕೆ ಎಣ್ಣೆ ಬಿಡುತ್ತಾರೆ. ಶೆಟ್ಟರು ಹುಟ್ಟಿದಂದಿನಿಂದ ನೋಡಿದ್ದೇ. ಆದರೆ ಅದು ತುಳಸಿಕಟ್ಟೆಯ ಬುಡದಲ್ಲಿ. ಕಾರಿನಡಿಗೆ ಯಾಕೆಂದು ತೊದಲಿದರು.

"ಕಟ್ಟೆಯ ಹತ್ತಿರವೂ ಬಿಟ್ಟೆ. ಭೂಮಿತಾಯಿ ಈ ಕಾರಿನ ಭಾರವನ್ನೂ ಹೊತ್ತಿದ್ದಾಳಲ್ಲ ಅಂತ ಇಲ್ಲಿಗೂ ಬಿಟ್ಟೆ. ಬೇಗ ಅಮ್ಮನ ಹತ್ತಿರ ಮುಟ್ಟಿಸು ಅಂತ ಕೇಳಿಕೊಂಡೆ."

ಬೈಯೋಣವೆಂದರೆ ಯಾರನ್ನು? ಶೆಟ್ಟರಿಗೆ ದುಃಖವೂ ನಾಚಿಕೆಯೂ ಒಟ್ಟೊಟ್ಟಿಗೆ ಬಂದವು.

"ಕೇಳಿದ್ದರೆ ಆಗಲೇ ಹೇಳ್ತಿದ್ದೆ" ಎಂದಳು ಶಶಿಪ್ರಭಾ. ಟ್ರಂಕನ್ನು ಅಲ್ಲೇ ಬಿಟ್ಟು, ಸೆರಗು ಬಿಗಿದು, ಮಿಜಾರಿನ ದಾರಿ ಹಿಡಿದು ನಡೆದೇಬಿಟ್ಟಳು.

ಕೈ ತೊಳೆದು ಬರುತ್ತೇನೆ, ನಿಲ್ಲು ಎಂದು ಶೆಟ್ಟರು ಕೂಗಿದರು. ಅವಳು ನಿಲ್ಲಲಿಲ್ಲ. ಅವರು ಕೈ ತೊಳೆಯದೆಯೇ ಹಿಂದಿನಿಂದ ಓಡಿದರು.