ದೋಣಿ ಹತ್ತಿದ ಹರಕೆ ತಟ್ಟೆ

ಒಳಕೋಣೆಯಿಂದ ಯೊಸಿನಾಳ ನರಳಾಟ ಕೇಳುತ್ತಲೇ ಇತ್ತು. ಮಗು ಅಡ್ಡ ತಿರುಗಿದೆ, ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಆಚೆ ದ್ವೀಪದ ಆಸ್ಪತ್ರೆಗೆ ಒಯ್ಯಿರಿ ಎಂದು ಸೂಲಗಿತ್ತಿ ಬೆಳಗ್ಗೆಯೇ ಹೇಳಿದ್ದಳು. ಯೊಸಿನಾಳ ಅಣ್ಣ ಮಾರ್ಟೆನ್ ದೋಣಿಯನ್ನು ನೀರಿಗಿಳಿಸಿ ಹಗ್ಗ ಹಿಡಿದು ನಿಂತಿದ್ದ. ಗಾಳಿ ಕೊಂಚ ತಗ್ಗಿತ್ತು. ಮತ್ತೆ ಯಾವಾಗ ಹೆಡೆಯೆತ್ತುವುದೋ ಹೇಳುವವರಿಲ್ಲ. ಆದರೂ ದೋಣಿ ಹೊರಡುವ ಹಾಗಿರಲಿಲ್ಲ. ಮಾರ್ಟೆನ್‌ನ ಹೆಂಡತಿ ವೆಲ್ಮಿನಾ ಇನ್ನೂ ತಟ್ಟೆಗೆ ಕಾಸು ಹಾಕಿರಲಿಲ್ಲ.

ನಡುಮನೆಯ ಪ್ರಾರ್ಥನೆ ಮೇಜಿನ ಮೇಲೆ, ಬೈಬಲ್ಲಿನ ಪಕ್ಕದಲ್ಲಿ, ಬಿಳಿ ಬಟ್ಟೆ ಹೊದ್ದು ಕೂತ ಆಳವಾದ ಪಿಂಗಾಣಿ ತಟ್ಟೆ ಅದು. ಅತ್ತೆ ಓರ್ಪಾಳ ಅಜ್ಜಿಯ ಕಾಲದ್ದು. ಕಷ್ಟದ ದಾರಿ ಹಿಡಿಯುವ ಮುನ್ನ ಮನೆಯವರೆಲ್ಲ ಒಳಗಿನ ಸಿಟ್ಟನ್ನು ಬಾಯಿಬಿಟ್ಟು ಹೇಳಿ, ರಾಜಿಯಾಗಿ, ಅದಕ್ಕೊಂದು ಕಾಸು ಹಾಕಿ ಪ್ರಾರ್ಥಿಸಬೇಕು. ಮನೆಯಲ್ಲಿ ಜಗಳ ಬಿಟ್ಟು ಹೋದವರನ್ನು ಕಡಲು ಮರಳಿ ಕಳಿಸುವುದಿಲ್ಲ ಎಂಬುದು ಓರ್ಪಾಳಿಗೆ ಬೈಬಲ್ಲಿನಷ್ಟೇ ಸತ್ಯ.

ವೆಲ್ಮಿನಾ ಆ ತಟ್ಟೆಗೆ ಕಾಸು ಹಾಕಿದ್ದು ಹೋದ ವರ್ಷ, ಮಗ ಎನೋಸ್ ಜ್ವರದಲ್ಲಿ ಬೇಯುತ್ತಿದ್ದಾಗ. ಭಾನುವಾರ ಕಾಸು ಚರ್ಚಿಗೆ ಹೋಯಿತು. ಮರುದಿನ ಎನೋಸ್ ಚರ್ಚಿನ ಹಿಂದಿನ ಮಣ್ಣಿಗೆ ಹೋದ. ಅಂದಿನಿಂದ ಅವಳು ಆ ಮೇಜಿನ ಧೂಳನ್ನೂ ಒರೆಸಿರಲಿಲ್ಲ.

"ಗೊತ್ತು ಕಣೇ, ನಿನ್ ಸಿಟ್ಟು ನನ್ನ ಮೇಲೆ," ಎಂದಳು ಓರ್ಪಾ. "ಅವತ್ತು ಬೇರಿನ ಕಷಾಯ ಕುಡಿಸೋಣ, ಆಸ್ಪತ್ರೆ ನಾಳೆ ನೋಡೋಣ ಅಂದವಳು ನಾನೇ. ಕಾಲಿಗೆ ಬೀಳ್ಬೇಕಾ? ಬೀಳ್ತೀನಿ. ನನ್ ಮಗಳು ಸಾಯ್ತಿದ್ದಾಳೆ, ಹೇಳಿ ಮುಗಿಸು!"

"ನಿಮ್ಮೇಲೆ ಸಿಟ್ಟಿಲ್ಲ ಅತ್ತೆ."

"ಮತ್ಯಾರ ಮೇಲೆ? ಮಾರ್ಟೆನ್ ಮೇಲಾ?"

ವೆಲ್ಮಿನಾ ಅಲ್ಲವೆಂದು ತಲೆಯಾಡಿಸಿದಳು. ಪ್ರಾರ್ಥನೆ ನಡೆಸಲು ಬಂದಿದ್ದ ಚರ್ಚಿನ ಸಭೆಯ ಹಿರಿಯ ಬಾರ್ನಬಾಸ್ ಕೆಮ್ಮಿದ. "ಹೋಗ್ಲಿ ಬಿಡಮ್ಮ, ಸುಮ್ನೆ ಒಂದು ಕಾಸು ಹಾಕು. ಕ್ಷಮಿಸ್ದೆ ಅಂತ ಬಾಯ್ಮಾತಿಗೆ ಅಂದ್ರೂ ಆಯ್ತು."

"ದೇವರ ಮುಂದೆ ಸುಳ್ಳು ಹೇಳು ಅಂತೀರಾ ಹಿರಿಯರೇ? ಚೆನ್ನಾಗಿದೆ ನಿಮ್ಮ ಹಿರಿತನ."

ಒಳಗಿನಿಂದ ಸೂಲಗಿತ್ತಿ ಕಿರುಚಿದಳು: "ಅಯ್ಯೋ ನಿಮ್ಮ ಪಂಚಾಯ್ತಿಗೆ ಬೆಂಕಿ ಬೀಳ! ಈ ಹುಡುಗಿ ಕೈಕಾಲು ತಣ್ಣಗಾಗ್ತಿದೆ!"

ಆ ಮಾತಿಗೆ ವೆಲ್ಮಿನಾಳ ಮೈಯೆಲ್ಲ ಉರಿದುಹೋಯಿತು. ಮೇಜಿನ ಮುಂದೆ ಹೋಗಿ ಕೂತು ತಟ್ಟೆಯ ಬಟ್ಟೆಯನ್ನು ಸೆಳೆದಳು.

"ಜಗಳ ಆಡಿದೋರು ಈ ಮೇಜಿನ ಮುಂದೆ ಎದುರುಬದುರು ಕೂರ್ಬೇಕು ಅಲ್ವಾ? ಕೂತೆ. ನನ್ನ ಜಗಳ ಇವನ ಹತ್ರ!" ತಟ್ಟೆಯ ಅಂಚಿಗೆ ಬೆರಳು ಬಡಿದು ಹೇಳಿದಳು. "ಕೇಳಿಸ್ತಾ? ನಿನ್ನ ಹತ್ರ. ಕೊಡು ಅಂದ್ರೆ ಕೊಟ್ಟೆ. ಬೇಡು ಅಂದ್ರೆ ಬೇಡ್ದೆ, ಮಂಡಿ ಸುಲಿಯೋ ತನಕ ಬೇಡ್ದೆ. ನೀನು ಎಲ್ಲಿದ್ದೆ? ಕಾಸು ತಗೊಂಡೆ, ಮಗೂನೂ ತಗೊಂಡೆ. ಕೊಡೋ ಕೈಗೆ ಏನಾಗಿತ್ತು ನಿಂಗೆ?"

"ದೂಷಣೆ! ಇದು ದೇವದೂಷಣೆ!" ಬಾರ್ನಬಾಸ್ ಹಣೆ ಮುಟ್ಟಿಕೊಂಡ.

"ಸುಮ್ನಿರಿ ಬಾರ್ನಬಾಸ್," ಎಂದಳು ಓರ್ಪಾ, ಕುಸಿದು ಕೂತು. "ಅವಳು ಸುಳ್ಳು ಹೇಳ್ತಿಲ್ಲ."

ವೆಲ್ಮಿನಾ ಕಾಸನ್ನು ತಟ್ಟೆಗೆ ಎಸೆದಳು. ಅದು ಠಣ್ಣೆಂದು ಪುಟಿದು ಒಳಗೇ ಬಿತ್ತು. "ಹೇಳ್ದೆ, ಹಾಕ್ದೆ. ರಾಜಿ ಮಾತ್ರ ಆಗಿಲ್ಲ." ಆಮೇಲೆ ಆ ಮನೆಯಲ್ಲಿ ಯಾರೂ ಕಂಡುಕೇಳರಿಯದ ಕೆಲಸ ಮಾಡಿದಳು. ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. "ಇಲ್ಲಿ ಮೇಜಿನ ಮೇಲೆ ಹಾಯಾಗಿ ಕೂತು ನೋಡಿದ್ದು ಸಾಕು. ನಡಿ, ನೀನೂ ದೋಣಿ ಹತ್ತು."

ಅಂಗಳದಲ್ಲಿ ಒಣಹಾಕಿದ್ದ ಲವಂಗವನ್ನು ತುಳಿದುಕೊಂಡೇ ಯೊಸಿನಾಳನ್ನು ಎತ್ತಿ ತಂದರು. ಓರ್ಪಾ ಮಗಳ ಕಾಲ ಬಳಿ, ವೆಲ್ಮಿನಾ ತಲೆಯ ಬಳಿ ಕೂತರು.

ನಡುಗಡಲಲ್ಲಿ ಗಾಳಿ ಮತ್ತೆ ಎದ್ದಿತು. ಒಂದು ಅಲೆ ದೋಣಿಯೊಳಕ್ಕೇ ಬಂದು, ನೀರು ಎತ್ತಿಹಾಕುವ ಡಬ್ಬಿಯನ್ನು ಹೊತ್ತುಕೊಂಡು ಹೋಯಿತು.

"ನೀರು ಎತ್ತಿ!" ಮಾರ್ಟೆನ್ ಚುಕ್ಕಾಣಿಯಿಂದ ಕೂಗಿದ. "ಕೈಗೆ ಸಿಕ್ಕಿದ್ದರಲ್ಲಿ ಎತ್ತಿ!"

ವೆಲ್ಮಿನಾ ಗಂಟು ಬಿಚ್ಚಿ, ಕಾಸುಗಳನ್ನು ಅತ್ತೆಯ ಮಡಿಲಿಗೆ ಸುರಿದಳು. ಹರಕೆ ತಟ್ಟೆಯಲ್ಲಿ ನೀರು ಮೊಗೆದು ಆಚೆ ಎಸೆದಳು. ಎಸೆಯುವಾಗೆಲ್ಲ ಹಲ್ಲು ಕಚ್ಚಿ ಬೈದಳು. "ಮಲಗಿಬಿಟ್ಟೀಯ, ಜೋಕೆ! ಬಿರುಗಾಳೀಲೂ ದೋಣೀಲಿ ಮಲಗೋ ಅಭ್ಯಾಸ ನಿಂಗೆ ಮುಂಚಿಂದಲೂ ಇದೆ, ಬೈಬಲ್ಲಲ್ಲೇ ಬರೆದಿದೆ!"

"ಅತ್ತಿಗೆ," ಯೊಸಿನಾ ನೋವಿನ ನಡುವೆಯೇ ತುಟಿ ಅರಳಿಸಿದಳು, "ಅವನಿಗೆ ಇಷ್ಟು ಬೈದೋರು ಯಾರೂ ಇರಲ್ಲ."

"ಉಸಿರು ಹಿಡ್ಕೋ ನೀನು. ಮಾತಾಡೋದು ನನಗೆ ಬಿಡು."

ತೋಳು ಬಿದ್ದುಹೋಗುವಷ್ಟು ಹೊತ್ತಾದ ಮೇಲೆ ದೋಣಿ ಆಚೆ ದಡದ ಕಟ್ಟೆಗೆ ತಾಗಿತು. ಯೊಸಿನಾಳನ್ನು ಒಳಗೆ ಒಯ್ದರು. ವೆಲ್ಮಿನಾ ಆಸ್ಪತ್ರೆಯ ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲೇ ಕೂತಳು. ತಟ್ಟೆಯ ಅಂಚು ಒಂದು ಕಡೆ ಮುಕ್ಕಾಗಿತ್ತು.

ಸಂಜೆಗೆ ಗೋಡೆಯಾಚೆಯಿಂದ ಮಗುವಿನ ಅಳು ಕೇಳಿಸಿತು. ನರ್ಸ್ ಬಾಗಿಲಲ್ಲಿ ತಲೆಹಾಕಿ, "ಇಬ್ಬರೂ ಉಳಿದ್ರು," ಎಂದಳು. ಓರ್ಪಾ ಇದ್ದಲ್ಲೇ ಮಂಡಿಯೂರಿದಳು.

ವೆಲ್ಮಿನಾ ತಟ್ಟೆಯನ್ನು ಮಡಿಲಿಗೆ ಎಳೆದುಕೊಂಡಳು. "ಇವಳ ಮಗೂಗೆ ಬಂದೆ," ಎಂದಳು ತಟ್ಟೆಗೆ, ಯಾರಿಗೂ ಕೇಳಿಸದ ಹಾಗೆ. "ಬರೋಕಾಗುತ್ತೆ ಅಂತಾಯ್ತಲ್ಲ. ಮತ್ತೆ ನನ್ನ ಎನೋಸ್‌ಗೆ ಯಾಕೆ ಬರಲಿಲ್ಲ? ಹೇಳು. ನಾನಿಲ್ಲೇ ಕೂತಿರ್ತೀನಿ, ನೀನೂ ಏಳ್ಬೇಡ."

ಓರ್ಪಾ ಬಂದು ಪಕ್ಕದಲ್ಲಿ ಕೂತಳು. ಸೊಸೆ ಕೈ ಚಾಚಿದಳು. ಅತ್ತೆ ಮಡಿಲಿನ ಗಂಟು ಬಿಚ್ಚಿ ಕಾಸುಗಳನ್ನು ಕೊಟ್ಟಳು. ವೆಲ್ಮಿನಾ ಲಂಗದ ಅಂಚಿನಿಂದ ತಟ್ಟೆಯ ಉಪ್ಪುನೀರು ಒರೆಸಿ, ಒಂದೊಂದೇ ಕಾಸನ್ನು ಒಳಗಿಟ್ಟಳು. ಬಟ್ಟೆಯನ್ನು ಮಾತ್ರ ಹೊದಿಸಲಿಲ್ಲ. ಮಾತು ಇನ್ನೂ ಮುಗಿದಿರಲಿಲ್ಲ.