ಐದರೊಳಗೆ ಕೊಡಬೇಕಿದ್ದ ನಾಮಪತ್ರ

ಫೆಬ್ರವರಿ ಹದಿನೈದರ ಮಧ್ಯಾಹ್ನ ಮೂರೂವರೆಗೆ ನಾನು ಲಿಂಕನ್ ನಗರದ ಶಾಸನ ಭವನದಲ್ಲಿ, ಚುನಾವಣಾ ಕೌಂಟರಿನ ಎದುರು ಬೆಂಚಿನ ಮೇಲೆ ಚೀಲವನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದೆ. ಚೀಲದಲ್ಲಿ ಇದ್ದದ್ದು ವರ್ಲಿನ್ ಸ್ಟ್ರೂವ್ ಅವರ ನಾಮಪತ್ರ. ಅವರು ಸಹಿ ಮಾಡಿ ಕೊಟ್ಟಿದ್ದರು. ವಾಷಿಂಗ್ಟನ್ನಿನ ಕೆಳಮನೆಯಲ್ಲಿ ನಮ್ಮ ಪಶ್ಚಿಮ ನೆಬ್ರಾಸ್ಕಾದ ಸದಸ್ಯರಾಗಿ ಅವರು ಇಪ್ಪತ್ತಾರು ವರ್ಷ ಕಳೆದಿದ್ದಾರೆ, ಅವರ ಊರಿನ ಕಚೇರಿ ನಡೆಸುತ್ತ ನಾನೂ ಅಷ್ಟೇ ವರ್ಷ ಸವೆಸಿದ್ದೇನೆ. ಫೋನಿನಲ್ಲಿ ‘ಕೊಡು’ ಅಂದರೆ ಕೊಡಬೇಕು, ‘ಬೇಡ’ ಅಂದರೆ ಹಾಗೇ ವಾಪಸು ತರಬೇಕು. ಐದಕ್ಕೆ ಕೌಂಟರು ಮುಚ್ಚುತ್ತದೆ.

‘ಬೇಡ’ ಅನ್ನಲಪ್ಪಾ ಎಂದು ನಾನು ಬೆಳಗಿನಿಂದ ದೇವರನ್ನು ಪೀಡಿಸುತ್ತಿದ್ದೆ. ಯಾಕೆಂದರೆ ವರ್ಲಿನ್ನರ ನೆನಪು ಹೋಗುತ್ತಿತ್ತು. ಅದು ಗೊತ್ತಿದ್ದದ್ದು ಅವರ ಹೆಂಡತಿ ಆರ್ಡಿಸ್‌ಗೆ ಮತ್ತು ನನಗೆ. ಒಂದು ವರ್ಷದಿಂದ ಅವರು ಎಲ್ಲಿಗೆ ಹೊರಟರೂ ಎದುರಾಗಬಹುದಾದವರ ಹೆಸರು, ಹೆಂಡತಿ ಮಕ್ಕಳ ಹೆಸರು ಎಲ್ಲ ಚೀಟಿಯಲ್ಲಿ ಬರೆದು ಕೊಡುತ್ತಿದ್ದೆ. ಜನವರಿಯಲ್ಲಿ ಮಾಜಿ ಸೈನಿಕರ ಊಟದಲ್ಲಿ ಅವರು ಒಂದೇ ಭಾಷಣವನ್ನು ಎರಡು ಸಲ, ಅಕ್ಷರ ಬಿಡದೆ ಮಾಡಿದರು. ತಮಾಷೆ ಇರಬೇಕೆಂದು ಜನ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ನವೆಂಬರಿನಲ್ಲಿ, ಅಧ್ಯಕ್ಷರ ಅವಧಿಯ ನಡುವೆ ಬರುವ ಮಧ್ಯಾವಧಿ ಚುನಾವಣೆಗೆ ಮತ್ತೆ ನಿಂತರೆ ಚರ್ಚಾವೇದಿಕೆಯ ಮೇಲೆ, ಟೀವಿ ಕ್ಯಾಮೆರಾದ ಮುಂದೆ, ಆ ಗಟ್ಟಿ ಮನುಷ್ಯ ಊರಿಗೆಲ್ಲ ನಗೆಪಾಟಲಾಗುತ್ತಾರೆ ಎಂಬ ಭಯ ನನ್ನನ್ನು ತಿನ್ನುತ್ತಿತ್ತು.

ನಿವೃತ್ತಿ ಆಗುವುದಾದರೂ ಸುಮ್ಮನೆ ಆಗುವ ಕುಟುಂಬವಲ್ಲ ಅದು. ನಮ್ಮ ರಾಜ್ಯದಲ್ಲಿ ಒಂದು ಪದ್ಧತಿ ಉಂಟು. ಯಾವುದಾದರೂ ಚುನಾಯಿತ ಸ್ಥಾನದಲ್ಲಿ ಈಗಾಗಲೇ ಕೂತವರು, ಯಾವ ಹುದ್ದೆಗೆ ನಿಂತರೂ, ಫೆಬ್ರವರಿ ಹದಿನೈದರೊಳಗೆ ನಾಮಪತ್ರ ಕೊಡಬೇಕು. ಹೊಸಬರಿಗೆ ಮಾರ್ಚ್ ಒಂದರವರೆಗೆ ಸಮಯ. ಹಾಗಾಗಿ ಬುದ್ಧಿವಂತ ಮುದುಕರು ಹದಿನೈದರ ಸಂಜೆ ಐದರವರೆಗೆ ಬಾಯಿಗೆ ಬೀಗ ಹಾಕಿಕೊಂಡಿರುತ್ತಾರೆ. ಐದು ಹೊಡೆದ ಮೇಲೆ ‘ನಾನು ನಿಲ್ಲುವುದಿಲ್ಲ’ ಎಂದು ಘೋಷಿಸುತ್ತಾರೆ. ಆ ಕುರ್ಚಿಯ ಮೇಲೆ ಕಣ್ಣಿಟ್ಟ ಶಾಸಕರು, ಮೇಯರುಗಳು ಎಲ್ಲರಿಗೂ ಅಷ್ಟು ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ. ಎರಡು ವಾರದಲ್ಲಿ ಮನೆಯವನೊಬ್ಬ ಹೊಸಬನಾಗಿ ಬಂದು ಆರಾಮಾಗಿ ನಾಮಪತ್ರ ಕೊಡುತ್ತಾನೆ. ವರ್ಲಿನ್ನರ ಮನೆಯಲ್ಲಿ ಆ ಹೊಸಬ ಅಳಿಯ ಬ್ರೆಂಟ್. ಲೆಕ್ಕಾಚಾರವೂ ಅವನದೇ.

ಕೌಂಟರಿನ ಬಳಿ ಶಾಸಕ ರಾಂಡಲ್ ಕೂಬಿಕ್ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತಿದ್ದ. ಹನ್ನೆರಡು ವರ್ಷ ಡೆಮಾಕ್ರಟ್ ಆಗಿದ್ದವನು ಜನವರಿಯಲ್ಲಿ ಇದ್ದಕ್ಕಿದ್ದಂತೆ ವರ್ಲಿನ್ನರ ಹಾಗೆ ರಿಪಬ್ಲಿಕನ್ ಆಗಿದ್ದ, ಈ ಕುರ್ಚಿಗಾಗಿಯೇ. ಅವನ ಕೋಟಿನ ಒಂದು ಜೇಬಿನಲ್ಲಿ ಹಳೆಯ ಶಾಸಕ ಸ್ಥಾನದ ನಾಮಪತ್ರ, ಇನ್ನೊಂದರಲ್ಲಿ ವಾಷಿಂಗ್ಟನ್ನಿನದು. ನನ್ನ ಚೀಲ ನೋಡಿಕೊಂಡು ಯಾವುದನ್ನು ಕೊಡುವುದೆಂದು ಅವನು ನಿರ್ಧರಿಸಬೇಕಿತ್ತು.

“ಏನ್ ಮಾರ್ಲಿಸ್, ಚೀಲ ಮಗೂನ ಹಿಡ್ಕೊಂಡಂಗೆ ಹಿಡ್ಕೊಂಡಿದೀಯ? ಮುದುಕಪ್ಪ ನಿಲ್ತಾನೋ ಇಲ್ವೋ?”

“ನಿಂಗ್ಯಾಕೆ ಆ ಚಿಂತೆ? ಇವತ್ತು ಯಾವ ಪಕ್ಷದಲ್ಲಿದೀಯ ಅಂತ ಬೆಳಿಗ್ಗೆ ಎದ್ದು ನೋಡ್ಕೊಂಡ್ಯಾ ಮೊದ್ಲು?”

ಅವನು ನಕ್ಕ. ಅವಮಾನ ಅವನಿಗೆ ತಾಕುವುದಿಲ್ಲ, ಚರ್ಮ ದಪ್ಪ. “ಹೇಳ್ಬಿಡೇ ಮಾರಾಯ್ತಿ, ಇಬ್ರಿಗೂ ಸಮಯ ಉಳಿಯುತ್ತೆ.”

“ನಾನು ನೂರಾರು ಮೈಲಿ ಡ್ರೈವ್ ಮಾಡ್ಕೊಂಡು ನಿನ್ ಮುಖ ನೋಡೋಕೆ ಬಂದಿಲ್ಲ. ಅಷ್ಟು ಸಾಕಲ್ವಾ?”

ನಾಲ್ಕು ಗಂಟೆ ಐದು ನಿಮಿಷಕ್ಕೆ ಫೋನ್ ಬಂತು. ಕಂಬದ ಮರೆಗೆ ಹೋದೆ. ವರ್ಲಿನ್ನರ ಧ್ವನಿ ಸ್ವಚ್ಛವಾಗಿತ್ತು. “ಸಾಕು ಮಾರ್ಲಿಸ್. ಎಪ್ಪತ್ನಾಲ್ಕಾಯ್ತು, ಆ ಕಿರುಚಾಟ ಇನ್ ನನ್ ಕೈಲಾಗಲ್ಲ. ಕೊಡ್ಬೇಡ. ಐದಾದ್ಮೇಲೆ ಎಲ್ರಿಗೂ ತಿಳಿಸೋಣ.” ಆಗಲಿ ಎಂದೆ. ಕಂಬಕ್ಕೆ ಒರಗಿ ಕಣ್ಣೊರೆಸಿಕೊಂಡೆ. ಇಪ್ಪತ್ತಾರು ವರ್ಷದ ಕೆಲಸ ಮುಗಿಯಿತೆಂಬ ದುಃಖಕ್ಕಿಂತ, ಮರ್ಯಾದೆಯಾಗಿ ಮುಗಿಯಿತೆಂಬ ನೆಮ್ಮದಿಯೇ ಹೆಚ್ಚಾಗಿತ್ತು. ಇನ್ನು ಮಾಡಬೇಕಾದದ್ದು ಕೂಬಿಕ್‌ಗೆ ಸುಳಿವು ಸಿಗದಂತೆ ಐವತ್ತೈದು ನಿಮಿಷ ಗಂಭೀರವಾಗಿ ಕೂರುವುದಷ್ಟೇ.

ಬೆಂಚಿಗೆ ವಾಪಸಾದಾಗ ಕೌಂಟರಿನಲ್ಲಿ ಗಲಾಟೆ. ಬೀಜದ ಕಂಪನಿಯ ಟೋಪಿ ಹಾಕಿದ ರೈತನೊಬ್ಬ ಏದುಸಿರು ಬಿಡುತ್ತಿದ್ದ. ಶಾಸನ ಸಭೆಗೆ ನಿಲ್ಲಲು ಹೊರಟವನು. ಗುಮಾಸ್ತೆ ಗ್ವೆನ್ ಅವನಿಗೆ ಬುದ್ಧಿ ಹೇಳುತ್ತಿದ್ದಳು.

“ಇವತ್ತು ಬಂದ್ರಿ, ಬಚಾವಾದ್ರಿ. ನಾಳೆ ಬಂದಿದ್ರೆ ತಗೊಳ್ತಾನೇ ಇರ್ಲಿಲ್ಲ.”

“ನಾನು ಬರೀ ಕಳೆ ನಿಯಂತ್ರಣ ಮಂಡಳೀಲಿದೀನಮ್ಮ. ಮುಳ್ಳುಗಿಡ ಕೀಳಿಸೋ ಕೆಲ್ಸ. ಅದೂ ಒಂದು ಸ್ಥಾನಾನಾ?”

“ಚುನಾಯಿತ ಸ್ಥಾನ ಅಂದ್ರೆ ಸ್ಥಾನಾನೇ. ಕಳೆ ಮಂಡಳಿ ಆಗ್ಲಿ, ಶಾಲಾ ಮಂಡಳಿ ಆಗ್ಲಿ. ಮಧ್ಯದಲ್ಲಿ ಖಾಲಿ ಆದ ಜಾಗಕ್ಕೆ ನೇಮಿಸಿದ್ರೂ ಅಷ್ಟೇನೇ.”

ನನಗೆ ಥಟ್ಟನೆ ಬ್ರೆಂಟ್ ನೆನಪಾದ. ಎರಡು ವರ್ಷದ ಹಿಂದೆ ನಮ್ಮೆಲ್ಲರ ಊರಾದ ಫಾರ್ಲಿಯ ಶಾಲಾ ಮಂಡಳಿಯಲ್ಲಿ ಒಬ್ಬರು ಊರು ಬಿಟ್ಟು ಹೋದಾಗ, ‘ನಾಲ್ಕು ಜನರ ಕಣ್ಣಿಗೆ ಬೀಳ್ತಾನೆ’ ಎಂದು ವರ್ಲಿನ್ನರೇ ಹೇಳಿ ಬ್ರೆಂಟ್‌ನನ್ನು ಆ ಜಾಗಕ್ಕೆ ಹಾಕಿಸಿದ್ದರು. ಪ್ರಮಾಣವಚನದ ದಿನ ಶಾಲೆಯ ಊಟದ ಮನೆಯಲ್ಲಿ ಚಿಲ್ಲಿ ಸಾರು, ಜೊತೆಗೆ ದಾಲ್ಚಿನ್ನಿ ಸುರುಳಿ ರೊಟ್ಟಿ ನಾನೂ ತಿಂದು ಬಂದಿದ್ದೆ. ತಿಂಗಳಿಗೊಂದು ಸಭೆ, ಅದಕ್ಕೂ ಅವನು ಹೋಗುವುದು ಅಪರೂಪ. ಊರಿನವರನ್ನೆಲ್ಲ ಹೊರಗಿಡಲು ಹೂಡಿದ ಉಪಾಯ ಅಳಿಯನ ಕುತ್ತಿಗೆಗೇ ಸುತ್ತಿಕೊಂಡಿತ್ತು.

ಸುಮ್ಮನಿದ್ದುಬಿಡಬಹುದಿತ್ತು. ಬ್ರೆಂಟ್ ಮೇಲೆ ನನಗೇನೂ ಪ್ರೀತಿ ಉಕ್ಕಿ ಹರಿಯುತ್ತಿರಲಿಲ್ಲ. ನನ್ನನ್ನು ಅವನು ಕಚೇರಿಯ ಕುರ್ಚಿ ಮೇಜುಗಳ ಜೊತೆ ಎಣಿಸುವವನು. ಆದರೆ ಆ ಮನೆಯ ಅನ್ನದ ಋಣ ಇತ್ತು, ವಿಷಯ ಮುಚ್ಚಿಟ್ಟು ಮೋಸ ಮಾಡಿದವಳಾಗಲು ಮನಸ್ಸು ಒಪ್ಪಲಿಲ್ಲ. ಫೋನ್ ಮಾಡಿದೆ. ಈಗಲೂ ಅನ್ನಿಸುತ್ತದೆ, ಆ ಪ್ರಾಮಾಣಿಕತೆಯನ್ನು ಐದು ಹೊಡೆಯುವವರೆಗೆ ಕಟ್ಟಿಡಬೇಕಿತ್ತು.

“ಬ್ರೆಂಟ್, ನೀನು ಶಾಲಾ ಮಂಡಳೀಲಿದೀಯಲ್ಲ. ಮಾರ್ಚ್ ಒಂದು ನಿಂಗೆ ಅನ್ವಯಿಸಲ್ಲ.”

“ಏನ್ ಹೇಳ್ತಿದೀಯ ನೀನು? ಅದು ನೇಮಕ! ನಂಗ್ಯಾರೂ ಓಟ್ ಹಾಕಿಲ್ಲ!”

“ನೇಮಕ ಆದ್ರೂ ಲೆಕ್ಕಕ್ಕೆ ಬರುತ್ತೆ. ಈಗ್ತಾನೇ ನನ್ನೆದುರೇ ಗ್ವೆನ್ ಹೇಳಿದ್ಲು.”

ಅವನು ಸಹಿ ಮಾಡಿದ ನಾಮಪತ್ರ ಯಾವುದೂ ನನ್ನ ಬಳಿ ಇರಲಿಲ್ಲ. ಫಾರ್ಲಿಯಿಂದ ಲಿಂಕನ್ನಿಗೆ ಮೂರು ಗಂಟೆಯ ದಾರಿ. ಅವನು ಹಾರಿಕೊಂಡು ಬಂದರೂ ಐದಕ್ಕೆ ಮುಟ್ಟುತ್ತಿರಲಿಲ್ಲ. “ಅಲ್ಲೇ ಇರು. ಎಲ್ಲೂ ಹೋಗ್ಬೇಡ,” ಎಂದು ಫೋನ್ ಇಟ್ಟ.

ನಾಲ್ಕೂ ಮೂವತ್ತೆಂಟಕ್ಕೆ ಮತ್ತೆ ಫೋನ್. ವರ್ಲಿನ್.

“ಮಾರ್ಲಿಸ್. ನಾಮಪತ್ರ ಕೊಡು.”

ಅದರ ಹಿಂದೆಯೇ ಬ್ರೆಂಟ್‌ನ ಪಿಸುಮಾತು ಕೇಳಿಸಿತು: ‘ಇನ್ನೊಂದು ಅವಧಿ ನಿಲ್ತೀನಿ ಅಂತ ಹೇಳಿ.’

“ಇನ್ನೊಂದು ಅವಧಿ ನಿಲ್ತೀನಿ,” ಎಂದರು ವರ್ಲಿನ್, ಪಾಠ ಒಪ್ಪಿಸುವ ಹಾಗೆ.

“ವರ್ಲಿನ್, ಅರ್ಧ ಗಂಟೆ ಮುಂಚೆ ನೀವೇ ಬೇಡ ಅಂದ್ರಿ.”

“ಅಂದ್ನಾ? ಇರ್ಲಿ, ಕೊಟ್ಬಿಡು. ಬ್ರೆಂಟ್ ಹೇಳ್ತಾನೆ, ಎರಡೇ ವರ್ಷ ಅಂತೆ. ಅಂದ್ಹಂಗೆ ಡೆಲ್ಮರ್ ಮಂಡಿನೋವು ಹೆಂಗಿದೆ? ಅವ್ನಿಗೆ ಕೇಳ್ದೆ ಅಂತ ಹೇಳು.”

ಡೆಲ್ಮರ್ ನನ್ನ ಗಂಡ. ತೀರಿಕೊಂಡು ಮೂರು ವರ್ಷವಾಗುತ್ತ ಬಂದಿತ್ತು.

ಅಷ್ಟರಲ್ಲಿ ಫೋನ್ ಬ್ರೆಂಟ್ ಕಸಿದುಕೊಂಡ. “ಕೇಳಿಸ್ತಲ್ಲ? ಅವ್ರ ಬಾಯಿಂದಾನೇ ಕೇಳ್ದೆ. ಹೋಗಿ ಕೊಡು.”

“ಬ್ರೆಂಟ್, ಅವ್ರು ಸರಿಯಾಗಿಲ್ಲ. ನಿಂಗೂ ಕಾಣ್ತಿದೆ.”

“ಚೀಟಿ ಬರೆಯೋಳು ನೀನಿದೀಯಲ್ಲ. ಇನ್ನೆರಡು ವರ್ಷ ಬರಿ.”

ಅವನಿಗೂ ಗೊತ್ತಿತ್ತು! ಗೊತ್ತಿದ್ದೂ ಆ ಮನುಷ್ಯನನ್ನು ಕುರ್ಚಿಗೆ ಅಡ್ಡ ಇಟ್ಟ ಕಲ್ಲಿನ ಹಾಗೆ ಬಳಸಲು ಹೊರಟಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ಆದರೂ ಇಪ್ಪತ್ತಾರು ವರ್ಷದ ಅಭ್ಯಾಸ ದೊಡ್ಡದು. ಕಾಲು ತಾನಾಗಿಯೇ ಸಾಲಿನ ಕಡೆ ನಡೆಯಿತು, ಕೈ ಚೀಲದಿಂದ ಕಾಗದ ತೆಗೆಯಿತು.

ಕೂಬಿಕ್ ಬಗ್ಗಿ ಸಹಿ ನೋಡಿದ. ಮುಖ ಸಪ್ಪಗಾಯಿತು. “ಛೆ! ನಿಂತೇ ಬಿಟ್ನಾ ಮುದುಕ. ಇವ್ನ ಎದ್ರು ನಿಂತು ಗೆದ್ದೋರುಂಟಾ!” ಎಂದು ಗೊಣಗುತ್ತ ಎಡಗಡೆ ಜೇಬಿನಿಂದ ಹಳೆಯ ಸ್ಥಾನದ ನಾಮಪತ್ರ ತೆಗೆದು, ನನ್ನ ಮುಂದೆಯೇ ಕೌಂಟರಿಗೆ ಕೊಟ್ಟ. ಗ್ವೆನ್ ಮೊಹರು ಒತ್ತಿದಳು. ನಾಲ್ಕೂ ಐವತ್ತೊಂದು.

“ಮುಂದಿನವ್ರು. ಬಾ ಮಾರ್ಲಿಸ್, ಎಲ್ಲಿ ಕೊಡು,” ಎಂದು ಗ್ವೆನ್ ಕೈ ಚಾಚಿದಳು.

ನಾನು ಕಾಗದ ನೋಡಿದೆ. ಸಹಿ ಈಗಲೂ ದಿಟ್ಟವಾಗಿತ್ತು. ಕೊಟ್ಟರೆ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನಷ್ಟು ಚೀಟಿ, ಇನ್ನಷ್ಟು ನಗು. ಒಂದು ದಿನ ವೇದಿಕೆಯ ಮೇಲೆ ಅವರು ಆರ್ಡಿಸ್ ಯಾರೆಂದು ಕೇಳುತ್ತಾರೆ, ಆಗ ಯಾವ ಚೀಟಿಯೂ ಕೈಗೆ ಬರುವುದಿಲ್ಲ. ಕೊಡದಿದ್ದರೆ ಯಜಮಾನನ ಮಾತು ಮೀರಿದವಳು ನಾನು. ಅವರು ಆಯ್ಕೆ ಮಾಡಿದ್ದನ್ನು ಕಿತ್ತುಕೊಂಡವಳು. ಆ ಹಕ್ಕು ನನಗೆ ಯಾರು ಕೊಟ್ಟರು? ಯಾರೂ ಕೊಟ್ಟಿರಲಿಲ್ಲ.

“ಮಾರ್ಲಿಸ್? ಹುಷಾರಿದೀಯ ತಾನೇ?”

“ಹುಷಾರಿದೀನಿ. ನನ್ ಹಿಂದಿನವ್ರನ್ನ ತಗೋ,” ಎಂದು ಪಕ್ಕಕ್ಕೆ ಸರಿದೆ.

ಆಮೇಲಿನ ಒಂಬತ್ತು ನಿಮಿಷ ಕಳೆಯುವುದರಲ್ಲಿ ನನ್ನ ಜೀವವೇ ಹೋಯಿತು. ಚೀಲದೊಳಗೆ ಫೋನ್ ಹೊಡೆದುಕೊಳ್ಳುತ್ತಲೇ ಇತ್ತು, ನಾನು ಮುಟ್ಟಲಿಲ್ಲ. ಎರಡು ಸಲ ಎದ್ದು ನಿಂತೆ, ಎರಡು ಸಲವೂ ಕೂತೆ. ನಾಲ್ಕೂ ಐವತ್ತೆಂಟಕ್ಕೆ ಗ್ವೆನ್ ನನ್ನ ಕಡೆ ನೋಡಿ ಹುಬ್ಬೇರಿಸಿದಳು. ತಲೆ ತಗ್ಗಿಸಿದೆ. ಐದಕ್ಕೆ ಸರಿಯಾಗಿ ಅವಳು ಕೌಂಟರಿನ ಗಾಜು ಎಳೆದಳು.

ಕೂಬಿಕ್ ಹೋದವನು ಅನುಮಾನ ಬಂದು ವಾಪಸು ಬಂದಿದ್ದ. ನನ್ನ ಕೈಯಲ್ಲಿ ಇನ್ನೂ ಇದ್ದ ಕಾಗದ ನೋಡಿ ಅವನ ಬಾಯಿ ತೆರೆದೇ ಉಳಿಯಿತು. “ಎಂಥ ಹೆಂಗಸೇ ನೀನು! ನನ್ನ ಕಣ್ಣಿಗೇ ಮಣ್ಣೆರಚಿದ್ಯಲ್ಲೇ!” ಮಣ್ಣೆರಚುವ ಯೋಚನೆಯೇ ನನಗಿರಲಿಲ್ಲ ಎಂದರೆ ಅವನು ಸತ್ತರೂ ನಂಬುವವನಲ್ಲ. ಒಮಾಹಾದ ಪತ್ರಿಕೆಯಿಂದ ಬಂದಿದ್ದ ಕೆಂಪು ಕೋಟಿನ ಹೆಣ್ಣುಮಗಳು ಪುಸ್ತಕ ಪೆನ್ನು ಹಿಡಿದು ಓಡಿ ಬಂದಳು. ಅವಳಿಗೆ ‘ಒಂದ್ನಿಮಿಷ’ ಎಂದು ಸನ್ನೆ ಮಾಡಿ ಫೋನ್ ಎತ್ತಿದೆ.

ಬ್ರೆಂಟ್ ಬೈದದ್ದನ್ನು ಇಲ್ಲಿ ಬರೆಯುವುದಿಲ್ಲ. ನಡುವೆ ಆರ್ಡಿಸ್‌ಳ ಧ್ವನಿ, ಬಾಗಿಲು ಬಡಿದ ಸದ್ದು. ಆಮೇಲೆ ವರ್ಲಿನ್.

“ಕೊಡ್ಲಿಲ್ವಂತೆ.”

“ಇಲ್ಲ.”

“ಇಪ್ಪತ್ತಾರು ವರ್ಷದಲ್ಲಿ ಒಂದ್ಸಲಾನೂ ನನ್ ಮಾತು ಮೀರಿದವಳಲ್ಲ ನೀನು. ಇವತ್ತೇನಾಯ್ತು?”

ನಾಲ್ಕಾರು ಸುಳ್ಳು ಬಾಯಿಯ ತುದಿಗೆ ಬಂದವು. ಒಂದು ವರ್ಷ ಅದನ್ನೇ ಮಾಡಿದ್ದೆ. ಸಾಕಾಗಿತ್ತು.

“ಡೆಲ್ಮರ್ ಸತ್ತು ಮೂರು ವರ್ಷ ಆಗ್ತಾ ಬಂತು, ವರ್ಲಿನ್. ಅವ್ರ ಶವಪೆಟ್ಟಿಗೆ ಹೊತ್ತ ಆರು ಜನದಲ್ಲಿ ನೀವೂ ಒಬ್ರು.”

ಅವರು ಮೆಲ್ಲಗೆ ಕೇಳಿದರು. “ಅವತ್ತು ಹಿಮ ಬೀಳ್ತಿತ್ತಾ?”

“ಇಲ್ಲ. ಮೇ ತಿಂಗ್ಳು. ಬಿತ್ತನೆ ಬಿಟ್ಟು ಬಂದಿದ್ರು ಎಲ್ರೂ.”

“ಆರ್ಡಿಸ್‌ಗೆ ಗೊತ್ತಾ ಇದು? ನಾನು ಹಿಂಗೆ ಆಗಿರೋದು?”

“ಗೊತ್ತು.”

“ನಿಂಗೂ ಗೊತ್ತು. ಬ್ರೆಂಟ್‌ಗೂ.” ಅವರು ಎಣಿಸುತ್ತಿದ್ದರು. “ಅಂದ್ರೆ ಗೊತ್ತಿಲ್ದೇ ಇದ್ದೋನು ನಾನೊಬ್ನೇ.”

ನನಗೆ ಅಳು ತಡೆಯಲಾಗಲಿಲ್ಲ. ಅವರನ್ನು ಜನರ ನಗೆಯಿಂದ ಕಾಪಾಡುತ್ತಿದ್ದೇನೆಂದು ನಾನು ಬೀಗಿದ್ದೆ. ನಿಜದಲ್ಲಿ ಅವರಿಂದ ಅವರ ಸುದ್ದಿಯನ್ನೇ ಕದ್ದಿಟ್ಟಿದ್ದೆ. ತಪ್ಪಾಯಿತು ಎಂದೆ.

“ಪತ್ರಿಕೆಯವ್ರು ಯಾರಾದ್ರೂ ಇದಾರಾ ಅಲ್ಲಿ?”

“ಒಬ್ಳು ಇದಾಳೆ. ಏನ್ ಹೇಳ್ಲಿ? ವಯಸ್ಸಾಯ್ತು, ಸಂಸಾರದ ಜೊತೆ ಇರ್ತಾರೆ ಅಂತ ಹೇಳ್ಲಾ?”

“ನೀನೇನೂ ಹೇಳ್ಬೇಡ. ಫೋನ್ ಅವಳ ಕೈಗೆ ಕೊಡು. ಏನಾಗಿದೆ ಅಂತ ನಾನೇ ಹೇಳ್ತೀನಿ. ಬೇಗ ಕೊಡು ಮಾರ್ಲಿಸ್, ಮರ್ಯೋಕೆ ಮುಂಚೆ.”

ನಾನು ಫೋನನ್ನು ಕೆಂಪು ಕೋಟಿನವಳಿಗೆ ಕೊಟ್ಟೆ.